ಟಾರ್ಚ್ ಹಿಡಿದವಳು

ನೀನು ಖಾಲಿ ಮಾಡಿಹೋದ ಮೇಜಿನಿಂದ,
ಇಪ್ಪತ್ತೊಂದನೇ ತಾರೀಖು, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೊದಲು ನಿನ್ನ ಸೊಂಟದ ಸಮಾಚಾರ ತಿಳಿಸು. ನಾನೂ ಅಮ್ಮನೂ ಕಣ್ಣಿನ ಆಸ್ಪತ್ರೆಯಲ್ಲಿದ್ದ ದಿನವೇ ನೋಡಿಕೊಂಡು ಕಂಪ್ಯೂಟರು, ಮಾನಿಟರು, ಕೀಬೋರ್ಡು ಎಲ್ಲವನ್ನೂ ಒಬ್ಬನೇ ಎತ್ತಿ ವ್ಯಾನಿಗೆ ತುಂಬಿದೆಯಲ್ಲ, ಆಗ ಎಲ್ಲಾದರೂ ಉಳುಕಿತೇನೋ ಎಂದು ಅಮ್ಮನಿಗೆ ಚಿಂತೆ. ಪ್ರಿಂಟರನ್ನೂ ಒಯ್ಯಲು ನೋಡಿ, ಕೈಲಾಗದೆ, ಬಾಗಿಲ ತನಕ ಎಳೆದು ಬಿಟ್ಟುಹೋಗಿದ್ದೆ. ನೆಲದ ಮೇಲೆ ಅದರ ಗೀರು ಇನ್ನೂ ಇದೆ. ಒರೆಸಿದರೆ ಹೋಗುವಂಥದ್ದಲ್ಲ, ಹೋಗುವಂತಿದ್ದರೂ ನಾನು ಒರೆಸುತ್ತಿರಲಿಲ್ಲ. ನಿನ್ನ ನೆನಪಾದಾಗ ನೋಡಿಕೊಳ್ಳಲು ಏನಾದರೂ ಬೇಕಲ್ಲ. ಅತ್ತಿಗೆ ಚೆನ್ನಾಗಿದ್ದಾರಾ? ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಇದನ್ನು ಅವರಿಗೆ ಓದಿ ಹೇಳು. ಹೇಳದಿದ್ದರೂ ಪರವಾಗಿಲ್ಲ, ಅದಕ್ಕೊಂದು ವ್ಯವಸ್ಥೆ ಮಾಡಿದ್ದೇನೆ. ಅಮ್ಮ ಆರಾಮಾಗಿದ್ದಾಳೆ. ಕಪ್ಪು ಕನ್ನಡಕ ತೆಗೆದಾಯಿತು. ಈಗ ಅವಳಿಗೆ ಗೋಡೆಯ ಮೂಲೆಯ ಜೇಡರಬಲೆಯೂ ಕಾಣುತ್ತದೆ, ನನ್ನ ತಲೆಯ ಬಿಳಿಕೂದಲೂ ಕಾಣುತ್ತದೆ, ಎರಡಕ್ಕೂ ಒಂದೇ ಧ್ವನಿಯಲ್ಲಿ ಬೈಯುತ್ತಾಳೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನಿನ್ನ ಮಾತು ಶುರುವಾಗುತ್ತದೆ. ಚಿಕ್ಕಂದಿನಿಂದಲೂ ಹಾಗೇ. ಪತ್ರದಲ್ಲಿ ನಿನಗೆ ನಡುವೆ ಬಾಯಿ ಹಾಕಲು ಜಾಗವಿಲ್ಲ. ಸಿಟ್ಟು ಬಂದರೆ ಹರಿದುಹಾಕಬಹುದು, ಆದರೆ ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ, ಕೊನೆಯಲ್ಲಿ ಏನಿದೆ ಎಂದು ನೋಡದೆ ಹರಿಯುವವನಲ್ಲ ನೀನು. ಪತ್ರ ಕೈಬರಹದಲ್ಲಿಲ್ಲ, ನೀಟಾಗಿ ಅಚ್ಚಾಗಿದೆ ಎಂದು ನೋಡಿ ಈಗಾಗಲೇ ನಿನ್ನ ಹುಬ್ಬು ಮೇಲೇರಿರಬೇಕು. ಇವಳಿಗೆ ಕಂಪ್ಯೂಟರ್ ಎಲ್ಲಿಂದ ಬಂತು, ಯಾರದು, ಯಾರು ಕೊಡಿಸಿದರು ಅಂತ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು, ಸೊಂಟಕ್ಕೂ ಒಳ್ಳೆಯದು.

ನಿನಗೆ ನೆನಪಿದೆಯೋ ಇಲ್ಲವೋ, ನನ್ನ ಬಾಲ್ಯವೆಲ್ಲ ನಿನ್ನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತೇ ಕಳೆಯಿತು. ನೀನು ರೇಡಿಯೋ ಬಿಚ್ಚುತ್ತಿದ್ದೆ, ನಾನು ಅಪ್ಪನ ಸ್ಟೀಲಿನ ಟಾರ್ಚ್ ಹಿಡಿಯುತ್ತಿದ್ದೆ. ನೀನು ಇಸ್ತ್ರಿಪೆಟ್ಟಿಗೆ ಬಿಚ್ಚುತ್ತಿದ್ದೆ, ನಾನು ಟಾರ್ಚ್ ಹಿಡಿಯುತ್ತಿದ್ದೆ. ನಮ್ಮ ಮನೆಯಲ್ಲಿ ಅದೊಂದು ಪದ್ಧತಿಯೇ ಆಗಿಹೋಗಿತ್ತು. ದೊಡ್ಡವನು ಬಿಚ್ಚಬೇಕು, ಚಿಕ್ಕವಳು ಬೆಳಕು ಹಿಡಿಯಬೇಕು. ಬೆಳಕು ಒಂದಿಷ್ಟು ಅತ್ತಿತ್ತ ಆದರೆ "ಕೈ ಅಲ್ಲಾಡಿಸ್ಬೇಡ್ವೇ" ಎಂದು ಗದರುತ್ತಿದ್ದೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿದುಬಿಟ್ಟರೆ ಅದು ಬೆಳಕು ಸರಿಯಾಗಿ ಹಿಡಿಯದ ನನ್ನ ತಪ್ಪು, ರೇಡಿಯೋ ಹಾಡಿದರೆ ಅದು ನಿನ್ನ ಕೈಗುಣ. ನನಗೆ ದೀಪದ ಕಂಬ ಎಂದು ಹೆಸರಿಟ್ಟವನೂ ನೀನೇ. ಒಂದೇ ಒಂದು ಸಲ, ಒಂದು ಸ್ಕ್ರೂ ನಾನು ತಿರುಗಿಸಲಾ ಎಂದು ಕೇಳಿದ್ದೆ. "ನಿನ್ ಕೈಗೆ ಸಿಕ್ಕಿದ್ದು ಉಳಿದದ್ದುಂಟಾ?" ಎಂದೆ. ಏನು ಹಾಳು ಮಾಡಿದ್ದೆ ನಾನು ಅಲ್ಲಿಯ ತನಕ? ಇವತ್ತಿಗೂ ಯೋಚಿಸುತ್ತೇನೆ, ಒಂದು ಲೋಟ ಕೂಡ ನೆನಪಾಗುವುದಿಲ್ಲ.

ದೊಡ್ಡವರಾಗಿ ಮನೆಯ ಮುಂದಿನ ಕೋಣೆಯಲ್ಲಿ ಡಿಟಿಪಿ ಅಂಗಡಿ ಇಟ್ಟಾಗಲೂ ಅದೇ ಪದ್ಧತಿ ಮುಂದುವರಿಯಿತು. ಟೈಪ್ ಮಾಡುವುದು, ಪುಟ ಕಟ್ಟುವುದು, ಶಾಲೆಯ ಲೆಕ್ಕದ ಪುಸ್ತಕಗಳಿಗೆ ತ್ರಿಕೋನ, ವೃತ್ತ ಬರೆಯುವುದು ನಾನು. ಗಿರಾಕಿಗಳ ಜೊತೆ ನಗುವುದು, ಬೋರ್ಡಿನ ಮೇಲೆ ಹೆಸರು ಬರೆಸಿಕೊಳ್ಳುವುದು ನೀನು. ಕಂಪ್ಯೂಟರಿನ ಮುಚ್ಚಳ ತೆಗೆಯುವ ಅಧಿಕಾರವೂ ನಿನ್ನದೇ. ನೀನು ತೆಗೆದಾಗ ನಾನು ಕುರ್ಚಿಯಿಂದ ಇಳಿದು ಟಾರ್ಚ್ ತಂದು ನಿಲ್ಲಬೇಕು. ಮತ್ತೆ ಆ ಮಧ್ಯಾಹ್ನಗಳು! ಕೆಲಸ ಭರದಿಂದ ಸಾಗುತ್ತಿರುವಾಗ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಆರಿಹೋಗುತ್ತಿತ್ತಲ್ಲ, ಆಗ ನೀನು ಎಲ್ಲಿದ್ದರೂ ಬಂದು ಕೇಳುತ್ತಿದ್ದ ಮೊದಲ ಮಾತು "ಏನ್ ಒತ್ದೆ?" ಒಂದು ಸಲ ಪೂರ್ತಿ ಒಂದು ಅಧ್ಯಾಯ, ನಾನು ಬರೆದ ಎಲ್ಲ ಚಿತ್ರಗಳ ಸಮೇತ, ಹಾಗೆ ಹೋಯಿತು. ನಮಗೆ ಲೆಕ್ಕದ ಪುಸ್ತಕಗಳ ಕೆಲಸ ಕೊಡುತ್ತಿದ್ದ ಅಚ್ಚುಮನೆಯ ಯಜಮಾನರು ಎದುರಿಗೇ ಕೂತಿದ್ದರು. "ಇವ್ಳು ಏನೋ ಒತ್ತಿಬಿಟ್ಟಿದ್ದಾಳೆ ಸಾರ್" ಎಂದು ಅವರ ಮುಂದೆ ನಕ್ಕೆ. ನಾನು ಕೈಮುಗಿದು ಕ್ಷಮೆ ಕೇಳಿ, ಅಷ್ಟನ್ನೂ ಮತ್ತೆ ಬರೆದುಕೊಟ್ಟೆ. ನನ್ನ ಬೆರಳೇ ಎಲ್ಲೋ ತಪ್ಪಿರಬೇಕು ಎಂದು ನಾನೂ ನಂಬಿದ್ದೆ ಅಣ್ಣಾ. ಅಷ್ಟು ವರ್ಷ ನಂಬಿದ್ದೆ. ಇದನ್ನು ನೆನಪಿಟ್ಟುಕೊ, ಮುಂದೆ ಬೇಕಾಗುತ್ತದೆ.

ಆ ದಿನ ಆಸ್ಪತ್ರೆಯಿಂದ ಬಂದಾಗ ಅಮ್ಮನ ಕಣ್ಣಿಗೆ ಪಟ್ಟಿ ಇತ್ತು. ನಾನು ಅವಳ ಕೈ ಹಿಡಿದುಕೊಂಡು ಒಳಗೆ ಬಂದೆ. ಮೇಜಿನ ಮೇಲೆ ಮಾನಿಟರ್ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ. ಕೆಳಗೆ ನೀನೇ ಮಾಡಿಸಿದ ಗೂಡಿನಲ್ಲಿ ವೈರುಗಳ ತುದಿ. ಮೌಸಿನ ಕೆಳಗೆ ಹಾಕುವ ರಬ್ಬರಿನ ಹಾಳೆ ಮಾತ್ರ ಉಳಿದಿತ್ತು, ಅದು ಮರೆವೋ ದಾನವೋ ತಿಳಿಯಲಿಲ್ಲ. "ಯಾಕೇ ಸುಮ್ನಾದೆ?" ಎಂದು ಅಮ್ಮ ಕೇಳಿದಳು. ಏನಿಲ್ಲಮ್ಮ ಎಂದೆ. ನೀನು ಬೇರೆ ಊರಿನಲ್ಲಿ, ಅತ್ತಿಗೆಯ ಸೋದರಮಾವನ ಕಟ್ಟಡದಲ್ಲಿ ಅಂಗಡಿ ತೆರೆಯುವ ವಿಷಯ ಗೊತ್ತಿತ್ತು. ಹೋಗುವುದಾದರೆ ಹೋಗಲಿ, ಹೇಳಿ ಹೋಗಬಹುದಿತ್ತು. ಫೋನ್ ಮಾಡಿದರೆ ನೀನು ಹೇಳಿದ ಮಾತು ನನಗೆ ಅಕ್ಷರ ಬಿಡದೆ ಬಾಯಿಪಾಠ: "ಮೆಷಿನ್ ಇಟ್ಕೊಂಡು ನೀನೇನ್ ಮಾಡ್ತೀಯ? ಕೆಟ್ರೆ ಯಾರ್ ನೋಡ್ತಾರೆ? ಟಾರ್ಚ್ ಹಿಡಿಯೋದ್ ಬಿಟ್ರೆ ನಿಂಗೇನ್ ಗೊತ್ತು?" ಅದನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಮಾರನೇ ವಾರ ಅಚ್ಚುಮನೆಯ ಯಜಮಾನರು ಬಾಗಿಲಿಗೆ ಬಂದರು. ನಾನು ಬಟಾಣಿ ಸುಲಿಯುತ್ತಿದ್ದೆ. "ನೀವು ಕೆಲಸ ಬಿಟ್ರಂತಲ್ಲಮ್ಮ, ಅಣ್ಣ ಹೇಳಿದ್ರು. ಲೆಕ್ಕದ ಪುಸ್ತಕ ಇನ್ಮೇಲೆ ಅವರ ಹತ್ರಾನೇ ಕೊಡಿ ಅಂದ್ರು" ಎಂದರು ಪಾಪ, ನನ್ನನ್ನು ಬೀಳ್ಕೊಡಲು ಬಂದವರ ಹಾಗೆ ಮುಖ ಮಾಡಿಕೊಂಡು. ನನ್ನ ಬೆರಳು ಬಟಾಣಿ ಸಿಪ್ಪೆಯ ಒಳಗೇ ನಿಂತುಬಿಟ್ಟಿತು. ಕಂಪ್ಯೂಟರ್ ಒಯ್ದದ್ದು ಕಳ್ಳತನ. ಇದಕ್ಕೆ ಏನು ಹೆಸರಿಡಬೇಕೋ ನನಗೆ ಗೊತ್ತಿಲ್ಲ. ನಾನು ಬದುಕಿರುವಾಗಲೇ ನನ್ನ ಕೆಲಸಕ್ಕೆ ಎಳ್ಳುನೀರು ಬಿಟ್ಟಿದ್ದೆ ನೀನು.

ಕೆಲಸ ಬಿಟ್ಟಿಲ್ಲ, ಹೊಸ ವರ್ಷದ ಪುಸ್ತಕದ ಮೊದಲ ಅಧ್ಯಾಯ ಕೊಡಿ, ಮಾಡಿ ತೋರಿಸುತ್ತೇನೆ ಎಂದೆ. ಅವರು ಖಾಲಿ ಮೇಜನ್ನು ನೋಡಿದರು, ನನ್ನನ್ನು ನೋಡಿದರು. ತಿಂಗಳ ಕೊನೆಯ ತನಕ ಕಾಯುತ್ತೇನೆ, ಆಮೇಲೆ ಅಣ್ಣನಿಗೇ ಕೊಡಬೇಕಾಗುತ್ತದೆ ಎಂದರು. ಆ ಪುಸ್ತಕ ಹೋದರೆ ನನ್ನ ಕೆಲಸವೇ ಹೋದ ಹಾಗೆ. ಅಂಗಡಿಗೆ ಹೋಗಿ ಒಂದು ರೆಡಿಮೇಡ್ ಕಂಪ್ಯೂಟರ್ ತಂದಿದ್ದರೆ ಅವತ್ತೇ ಕೆಲಸ ಶುರುವಾಗುತ್ತಿತ್ತು, ಅಮ್ಮನೂ ಅದನ್ನೇ ಹೇಳಿದಳು. ಆದರೆ ಅದು ಕೆಟ್ಟ ದಿನ ನಾನು ಯಾರನ್ನು ಕರೆಯಲಿ? ಯಾರ ಎದುರಿಗೆ ಟಾರ್ಚ್ ಹಿಡಿದು ಕೂರಲಿ? ರೆಡಿಮೇಡ್ ತಂದರೆ ನೀನು ಆಡಿದ ಮಾತು ಗೆದ್ದಂತೆ. ಒಂದೊಂದು ಸ್ಕ್ರೂವನ್ನೂ ನಾನೇ ತಿರುಗಿಸಿ ಕಂಪ್ಯೂಟರ್ ಕಟ್ಟುತ್ತೇನೆ, ಅದರಲ್ಲೇ ಪುಸ್ತಕ ಮಾಡುತ್ತೇನೆ, ಅದನ್ನು ನಿನ್ನ ಮುಖಕ್ಕೆ ಹಿಡಿಯುತ್ತೇನೆ ಎಂದು ಅಮ್ಮನಿಗೆ ಹೇಳಿದೆ. "ಅವ್ನೂ ನನ್ ಮಗನೇ ಕಣೇ" ಎಂದಳು. ಅದಕ್ಕೇ ನಿನ್ನ ಹತ್ತಿರ ಹೇಳುತ್ತಿದ್ದೇನಮ್ಮ, ಮಗನನ್ನು ನಾನು ಹೆತ್ತಿಲ್ಲವಲ್ಲ ಎಂದೆ. ಅವಳು ಮೂರು ಹೊತ್ತು ನನ್ನ ಜೊತೆ ಮಾತು ಬಿಟ್ಟಳು, ನಾಲ್ಕನೇ ಹೊತ್ತಿಗೆ ಕಾಫಿ ಸಪ್ಪೆ ಎನ್ನಲು ಬಾಯಿ ಬಿಟ್ಟಳು.

ಕಲಿತದ್ದು ಹೇಗೆ ಎಂದರೆ, ಅಮ್ಮನ ಫೋನಿನಲ್ಲಿ ವಿಡಿಯೋ ನೋಡಿ. ಆ ವಿಡಿಯೋದವರ ಕೈ ಓಡುವ ವೇಗಕ್ಕೆ ಏನೂ ತಲೆಗೆ ಹೋಗುತ್ತಿರಲಿಲ್ಲ. ನಿಲ್ಲಿಸಿ, ಹಿಂದೆ ಓಡಿಸಿ, ಮತ್ತೆ ನೋಡಿ, ಕಾಗದದ ಮೇಲೆ ಚಿತ್ರ ಬರೆದುಕೊಂಡೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಮ್ಮ ಪಕ್ಕದಲ್ಲಿ ಬರೀ ಕೇಳುತ್ತ ಕೂತಿರುತ್ತಿದ್ದಳು. ಕೇಳಿ ಕೇಳಿ ಅವಳಿಗೇ ಬಾಯಿಗೆ ಬಂದುಬಿಟ್ಟಿತು. ಪಕ್ಕದ ಮನೆಯವರು ಆರೋಗ್ಯ ವಿಚಾರಿಸಲು ಬಂದರೆ, ಪ್ರೊಸೆಸರ್ ಅಂದರೆ ಮಿದುಳು, ಮದರ್‌ಬೋರ್ಡ್ ಅಂದರೆ ಎಲ್ಲರನ್ನೂ ಹಿಡಿದು ಕೂರಿಸಿಕೊಳ್ಳುವ ತಾಯಿ, ಎಸ್‌ಎಂಪಿಎಸ್ ಅಂದರೆ ಕರೆಂಟನ್ನು ಅಳೆದು ಎಲ್ಲರಿಗೂ ಬಡಿಸುವ ಡಬ್ಬಿ ಎಂದು ಪಾಠ ಮಾಡುತ್ತಿದ್ದಳು. ಬಂದವರು ಇವಳಿಗೆ ಆಪರೇಷನ್ ಆದದ್ದು ಕಣ್ಣಿಗೋ ತಲೆಗೋ ಎಂದು ನನ್ನ ಮುಖ ನೋಡುತ್ತಿದ್ದರು.

ಬಿಡಿಭಾಗಗಳ ಅಂಗಡಿಯಲ್ಲಿ ಒಬ್ಬ ಗಡ್ಡದವನಿದ್ದ. "ಮಗನಿಗಾ ಮೇಡಂ?" ಎಂದ. ನನಗೆ ಎಂದೆ. "ಗೇಮ್ ಆಡೋಕಾ?" ಸೇಡು ತೀರಿಸೋಕೆ ಎಂದೆ. ಅದೂ ಒಂದು ಗೇಮ್ ಇರಬೇಕು ಎಂದುಕೊಂಡನೋ ಏನೋ, ಬಣ್ಣಬಣ್ಣದ ದೀಪ ಉರಿಯುವ ಗಾಜಿನ ಕ್ಯಾಬಿನೆಟ್ ತಂದು ಮುಂದಿಟ್ಟ. ದೀಪದ ಕಂಬಕ್ಕೆ ದೀಪ ಮಾರಲು ಬಂದವನನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಕಪ್ಪು ಬಣ್ಣದ, ಮುಖಕ್ಕೆ ಒಂದು ಗುಂಡಿ ಮಾತ್ರ ಇರುವ ಸಾದಾ ಡಬ್ಬಿ ಸಾಕು ಎಂದೆ. ಕಾಗದದಲ್ಲಿ ಬರೆದುಕೊಂಡು ಹೋದದ್ದನ್ನೆಲ್ಲ ಕೇಳಿ ತಂದೆ. ಮನೆಗೆ ಬಂದು ನೋಡಿದರೆ ರ್‍ಯಾಮಿನ ಪಟ್ಟಿ ಬೋರ್ಡಿನ ಸೀಳಿನಲ್ಲಿ ಕೂರುವುದೇ ಇಲ್ಲ, ಅದರ ಕಚ್ಚು ಒಂದು ಕಡೆ, ಸೀಳಿನ ಉಬ್ಬು ಇನ್ನೊಂದು ಕಡೆ. ಹಳೇ ನಮೂನೆಯದನ್ನು ಕಟ್ಟಿಕೊಟ್ಟಿದ್ದ. ವಾಪಸ್ ಒಯ್ದರೆ ಆ ಪುಣ್ಯಾತ್ಮ ಕೇಳಿದ ಮೊದಲ ಮಾತೇನು ಗೊತ್ತಾ? "ನೀವೇನಾದ್ರೂ ಜೋರಾಗಿ ಒತ್ತಿದ್ರಾ ಮೇಡಂ?" ಅಣ್ಣಾ, ನಿನಗೆ ಕೊಡಬೇಕಾದದ್ದರಲ್ಲಿ ಅರ್ಧ ಪಾಲು ಅವತ್ತು ಆ ಗಡ್ಡದವನಿಗೆ ಸಿಕ್ಕಿತು. ಬೋರ್ಡನ್ನೂ ಪಟ್ಟಿಯನ್ನೂ ಅವನ ಕೈಗೆ ಕೊಟ್ಟು, ಒತ್ತದೆ ನೀವೇ ಕೂರಿಸಿ ತೋರಿಸಿ, ಕೂರಿಸುವ ತನಕ ನಾನು ಇಲ್ಲೇ ನಿಂತಿರುತ್ತೇನೆ ಎಂದೆ. ನನ್ನ ಧ್ವನಿಗೆ ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳೆಲ್ಲ ಇತ್ತ ತಿರುಗಿದರು. ಅವನು ಎರಡು ಸಲ ನೋಡಿ, ಕಿವಿ ಕೆಂಪಗೆ ಮಾಡಿಕೊಂಡು, ಸರಿಯಾದದ್ದನ್ನು ತಂದುಕೊಟ್ಟ. ಇಷ್ಟು ವರ್ಷ ಈ ಧ್ವನಿಯನ್ನು ಎಲ್ಲಿ ಮುಚ್ಚಿಟ್ಟಿದ್ದೆ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಕೇಳಿಕೊಂಡೆ.

ಜೋಡಿಸಿದ್ದು ಒಂದು ಬೆಳಗ್ಗೆ, ಊಟದ ಮೇಜಿನ ಮೇಲೆ. ಪ್ರೊಸೆಸರಿನ ಒಂದು ಮೂಲೆಯಲ್ಲಿ ಸಣ್ಣ ಚಿನ್ನದ ಬಣ್ಣದ ತ್ರಿಕೋನ ಇರುತ್ತದೆ, ಬೋರ್ಡಿನಲ್ಲೂ ಒಂದು ಇರುತ್ತದೆ, ಎರಡೂ ಒಂದೇ ಕಡೆಗೆ ಬರಬೇಕು. ಬದುಕೆಲ್ಲ ತ್ರಿಕೋನ ಬರೆದವಳು ನಾನು, ಅಷ್ಟು ಗೊತ್ತಾಗುವುದಿಲ್ಲವೇ? ಆದರೆ ಅದನ್ನು ಹಿಡಿದಿಡುವ ಸರಳನ್ನು ಕೆಳಗೆ ಒತ್ತುವಾಗ ಕಿರ್ರ್ ಎಂದಿತು ನೋಡು. ನಿನ್ನ ಕೈಗೆ ಸಿಕ್ಕಿದ್ದು ಉಳಿದದ್ದುಂಟಾ ಎಂದು ನೀನು ಬೆನ್ನ ಹಿಂದೆಯೇ ಹೇಳಿದ ಹಾಗಾಯಿತು. ಮುರಿಯಲಿಲ್ಲ. ಸರಳು ಹಾಗೆ ಕಿರುಗುಟ್ಟುವುದು ಸಹಜವಂತೆ. ಅಲ್ಲಿಂದ ಮುಂದೆ ನನಗೊಂದು ಹುರುಪು ಬಂತು. ಒಂದೊಂದು ಸ್ಕ್ರೂ ತಿರುಗಿಸುವಾಗಲೂ ನಿನ್ನ ಒಂದೊಂದು ಮಾತನ್ನು ಬಾಯಿಬಿಟ್ಟು ಹೇಳಿ ಬಿಗಿ ಮಾಡಿದೆ. ಕೈ ಅಲ್ಲಾಡಿಸಬೇಡ, ಬಿಗಿ. ಏನ್ ಒತ್ದೆ, ಬಿಗಿ. ಕೆಲಸ ಬಿಟ್ಟಳಂತೆ, ಅದಕ್ಕೆ ಎರಡು ಸುತ್ತು ಹೆಚ್ಚು. ಕೊನೆಗೆ ಪೊಟ್ಟಣದಲ್ಲಿ ಒಂದಷ್ಟು ಸ್ಕ್ರೂ ಉಳಿದವು. ಖುಷಿಪಡಬೇಡ, ಅವು ಉಳಿಯಲೆಂದೇ ಕೊಟ್ಟಿರುವಂಥವು.

ಡಬ್ಬಿಯ ಒಳಮೂಲೆಯ ವೈರು ಸಿಕ್ಕಿಸುವಾಗ ಬೆಳಕು ಸಾಲಲಿಲ್ಲ. ಅಭ್ಯಾಸಬಲ, ನಾನೇ ಎದ್ದು ಟಾರ್ಚ್ ತಂದೆ. ತಂದು ಹಿಡಿದುಕೊಂಡು ನಿಂತೆ. ಆಮೇಲೆ ಹೊಳೆಯಿತು, ಎದುರಿಗೆ ಕೆಲಸ ಮಾಡುವವರು ಯಾರೂ ಇಲ್ಲ, ಕೆಲಸ ಮಾಡಬೇಕಾದವಳು ನಾನೇ. ಅಮ್ಮ ಕೈಚಾಚಿದಳು. ಅವಳ ಪಟ್ಟಿ ಬಿಚ್ಚಿ ಸ್ವಲ್ಪ ದಿನವಾಗಿತ್ತು. ಟಾರ್ಚ್ ಕೊಟ್ಟೆ. ಅವಳು ಅದನ್ನು ಡಬ್ಬಿಯ ಒಳಗೆ ಬಿಡುವ ಬದಲು ನನ್ನ ಮುಖಕ್ಕೆ ಬಿಟ್ಟಳು. ಸಾಮಾನಿನ ಮೇಲೆ ಹಿಡಿಯಮ್ಮ ಎಂದರೆ, "ಇರು, ನಿನ್ ಮುಖ ನೋಡ್ತಿದೀನಿ, ಇಷ್ಟು ವರ್ಷ ಮಬ್ಬಾಗಿತ್ತು" ಎಂದಳು. ನನ್ನ ಕೈಯಲ್ಲಿ ವೈರು, ಬಾಯಲ್ಲಿ ಸ್ಕ್ರೂ. ಅಣ್ಣಾ, ಟಾರ್ಚಿನ ಬೆಳಕು ಆ ಕಡೆಯಿಂದ ಈ ಕಡೆಗೆ ಬಿದ್ದದ್ದು ನನಗೆ ಅದೇ ಮೊದಲು. ಅಳು ಬಂತು, ನಿನ್ನ ಮೇಲಿನ ಸಿಟ್ಟು ಕೂಡ ಅವತ್ತಿಗೆ ಅರ್ಧ ಗಂಟೆ ಎಲ್ಲಿ ಹೋಯಿತೋ ಕಾಣಲಿಲ್ಲ. ಆಮೇಲೆ ವಾಪಸ್ ಬಂತು.

ಎಲ್ಲ ಮುಗಿಸಿ ಗುಂಡಿ ಒತ್ತಿದರೆ ಏನೂ ಇಲ್ಲ. ಸದ್ದಿಲ್ಲ, ದೀಪವಿಲ್ಲ. ಯಾವ ವೈರು ತಪ್ಪಿತು ಎಂದು ಎಲ್ಲ ಬಿಚ್ಚಲು ಹೊರಟಿದ್ದೆ, ಅಷ್ಟರಲ್ಲಿ ಅಮ್ಮ ಡಬ್ಬಿಯ ಹಿಂದಕ್ಕೆ ಬಗ್ಗಿ "ಇಲ್ಲೊಂದು ಸ್ವಿಚ್ ಇದೆಯಲ್ಲೇ, ಇದೇನು?" ಎಂದಳು. ಎಸ್‌ಎಂಪಿಎಸ್ಸಿನ ಸ್ವಿಚ್ಚು, ನಾನು ಹಾಕೇ ಇರಲಿಲ್ಲ. ಹಾಕಿದೆ. ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಮುಚ್ಚಳ ತೆಗೆದು ನೋಡಿದರೆ ರ್‍ಯಾಮಿನ ಒಂದು ಕಡೆಯ ಕೊಕ್ಕೆ ಮಾತ್ರ ಕೂತಿತ್ತು, ಇನ್ನೊಂದು ಕಡೆಯದು ಬಾಯಿ ತೆರೆದೇ ಇತ್ತು. ನಾನು ಹೆದರಿ ಹೆದರಿ ಒತ್ತಿದ್ದರ ಫಲ. ಈ ಸಲ ಹೆದರದೆ ಒತ್ತಿದೆ, ಟಕ್ ಎಂದಿತು. ಪರದೆಯ ಮೇಲೆ ಬಿಳಿ ಅಕ್ಷರ ಬಂದವು. ನಾನು ಮೇಜು ಗುದ್ದಿ "ನೋಡ್ಲಿ ಈಗ" ಎಂದೆ. ಅವನಿಗೆ ಫೋನ್ ಮಾಡಲಾ ಎಂದು ಅಮ್ಮ ಕೇಳಿದಳು. ಬೇಡ ಎಂದೆ. ಪಾಸ್‌ವರ್ಡ್ ಏನಿಟ್ಟೆ ಎಂದು ನಿನಗೆ ಊಹಿಸುವುದು ಕಷ್ಟವಿಲ್ಲ, ನೀನು ನನಗೆ ಅತಿ ಹೆಚ್ಚು ಸಲ ಹೇಳಿದ ಮಾತು. ಅಂದಹಾಗೆ ಹೊಸ ಕೀಬೋರ್ಡಿನಲ್ಲಿ ಅಕ್ಷರಗಳು ಫಳಫಳ ಹೊಳೆಯುತ್ತಿವೆ. ನೀನು ಒಯ್ದದ್ದರಲ್ಲಿ ನನ್ನ ಬೆರಳು ಸವೆಸಿದ ಮೇಲೆ ಒಂದು ಅಕ್ಷರವೂ ಉಳಿದಿಲ್ಲವಲ್ಲ, ಯಾವುದು ಎಲ್ಲಿದೆ ಎಂದು ಹುಡುಕಲು ಬಹಳ ಕಷ್ಟವಾಗುತ್ತಿದೆಯಾ? ಆಗಲಿ.

ಕಂಪ್ಯೂಟರನ್ನು ನಿನ್ನ ಹಳೇ ಗೂಡಿನಲ್ಲೇ ಇಟ್ಟು ಕೆಲಸ ಶುರು ಮಾಡಿದೆ. ನಾಲ್ಕಾರು ದಿನ ಚೆನ್ನಾಗಿ ನಡೆಯಿತು. ಒಂದು ಮಧ್ಯಾಹ್ನ, ವೃತ್ತದೊಳಗೆ ತ್ರಿಕೋನ ಕೂರಿಸುತ್ತಿದ್ದೆ, ಪರದೆ ಕಪ್ಪಾಯಿತು. ತನ್ನಷ್ಟಕ್ಕೆ ತಾನೇ, ಹಳೆಯದರ ಹಾಗೆಯೇ. ನಾನು ಏನು ಮಾಡಿದೆ ಗೊತ್ತಾ? ಎರಡೂ ಕೈ ಮೇಲೆತ್ತಿ, ಬಾಗಿಲ ಕಡೆ ತಿರುಗಿ, "ನಾನೇನೂ ಒತ್ತಲಿಲ್ಲ" ಎಂದೆ. ಜೋರಾಗಿ. ಕೋಣೆಯಲ್ಲಿ ಯಾರೂ ಇರಲಿಲ್ಲ. ನೀನು ಎಷ್ಟೋ ದೂರದ ಊರಿನಲ್ಲಿ ಕೂತಿರುವಾಗ ನಾನು ಖಾಲಿ ಬಾಗಿಲಿಗೆ ಸಮಜಾಯಿಷಿ ಕೊಡುತ್ತಿದ್ದೆ. ಅವತ್ತು ಬಂದಂಥ ಸಿಟ್ಟು ಅಲ್ಲಿಯ ತನಕ ನನಗೆ ಯಾವತ್ತೂ ಬಂದಿರಲಿಲ್ಲ, ನಿನ್ನ ಮೇಲೂ ನನ್ನ ಮೇಲೂ. ಸ್ಕ್ರೂಡ್ರೈವರ್ ತಗೊಂಡೆ, ಮುಚ್ಚಳ ತೆಗೆದೆ. ಒಳಗೆಲ್ಲ ಕೈಯಿಡಲಾಗದಷ್ಟು ಬಿಸಿ. ಸ್ವಲ್ಪ ಹೊತ್ತು ಆರಲು ಬಿಟ್ಟು, ಮತ್ತೆ ಚಾಲೂ ಮಾಡಿ, ಅಮ್ಮನ ಕರ್ಚೀಫನ್ನು ಹಿಂಬದಿಯ ಫ್ಯಾನಿನ ಜಾಲರಿಗೆ ಹಿಡಿದೆ. ಒಳಗಿನ ಬಿಸಿಯನ್ನು ಹೊರಗೆ ತಳ್ಳಬೇಕಾದ ಫ್ಯಾನ್ ಅದು, ಕರ್ಚೀಫ್ ಹಾರಬೇಕಿತ್ತು. ಹಾರಲಿಲ್ಲ, ಜಾಲರಿಗೆ ಕಚ್ಚಿಕೊಂಡಿತು. ಫ್ಯಾನನ್ನು ನಾನು ಹಿಂದುಮುಂದಾಗಿ ಕೂರಿಸಿದ್ದೆ. ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ, ಯಂತ್ರ ತನ್ನನ್ನು ತಾನು ಉಳಿಸಿಕೊಳ್ಳಲು ಆರಿಹೋಗುತ್ತಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ತಿರುಗಿಸಿ ಹಾಕಿದೆ. ಆಮೇಲೆ ಇವತ್ತಿನ ತನಕ ಒಂದೇ ಒಂದು ಸಲ ಆರಿಲ್ಲ. ಫ್ಯಾನನ್ನು ನಾನು ಹಾಗೆ ಕೂರಿಸಿದ್ದು ಯಾಕೆ ಎಂಬುದನ್ನು ಕೊನೆಗೆ ಇಟ್ಟಿದ್ದೇನೆ. ಮೊದಲು ಯಜಮಾನರ ಸುದ್ದಿ.

ತಿಂಗಳು ಮುಗಿಯುವ ಮೊದಲೇ ಅವರನ್ನು ನಾನೇ ಕರೆಸಿದೆ. ಅಧ್ಯಾಯವನ್ನು ಪ್ರಿಂಟ್ ತೆಗೆದು ಕೈಗಿಟ್ಟೆ. ಅವರು ಕನ್ನಡಕ ಏರಿಸಿ ಪುಟ ಪುಟ ನೋಡಿದರು, ತಪ್ಪು ಹುಡುಕಿದರು, ಸಿಗಲಿಲ್ಲ. ಆಮೇಲೆ ಕಂಪ್ಯೂಟರ್ ಕಡೆ ನೋಡಿ "ಯಾವ ಕಂಪನೀದಮ್ಮ?" ಎಂದರು. ನನ್ನದು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕೆಟ್ಟರೆ ಯಾರು ನೋಡುತ್ತಾರೆ ಎಂದು ಕೇಳಿದರು, ನಿನ್ನದೇ ಮಾತು, ನೀನೇ ಅವರ ಕಿವಿಗೆ ಹಾಕಿದ್ದಿರಬೇಕು. ನಾನು ಮುಚ್ಚಳ ತೆಗೆದು ಒಂದೊಂದನ್ನೂ ಮುಟ್ಟಿ ತೋರಿಸಿದೆ. ಇದು ಮಿದುಳು, ಇದು ತಾಯಿ ಎಂದು ಅಮ್ಮ ಹಿಂದಿನಿಂದ ಸೇರಿಸಿದಳು. ಯಜಮಾನರು ಬಗ್ಗಿ ನೋಡಿದರು. ಹಳೇ ಕಂಪ್ಯೂಟರಿನಲ್ಲಿ ಹೋದ ಅಧ್ಯಾಯದ ವಿಷಯ ನಾನೇ ತೆಗೆದು, ಕರ್ಚೀಫ್ ಹಿಡಿದು ತೋರಿಸಿ, ಎಲ್ಲ ಹೇಳಿದೆ. ಅವರು ತಲೆ ತಗ್ಗಿಸಿ "ನಾನೂ ಅವತ್ತು ನಕ್ಕಿದ್ದೆನಲ್ಲಮ್ಮ" ಎಂದರು. ಎಲ್ಲ ತರಗತಿಯ ಲೆಕ್ಕದ ಪುಸ್ತಕವೂ ಈಗ ನನ್ನ ಮೇಜಿನ ಮೇಲಿದೆ. ನಿನಗೆ ಬರುವುದಿಲ್ಲ. ಅಣ್ಣನಿಗೆ ಏನು ಹೇಳಲಿ ಎಂದು ಕೇಳಿದರು, ನೀವು ಏನೂ ಹೇಳಬೇಡಿ, ನಾನೇ ಬರೆಯುತ್ತೇನೆ ಎಂದೆ. ಅಂಗಡಿಯ ಬೋರ್ಡಿನಿಂದ ನಿನ್ನ ಹೆಸರನ್ನೂ ಅಳಿಸಿದ್ದೇನೆ. ನನ್ನ ಹೆಸರು ದೊಡ್ಡದಾಗಿ ಬರೆಸಿದ್ದೇನೆ, ರಸ್ತೆಯ ಆ ತುದಿಯಿಂದ ಓದಲು ಬರುವಷ್ಟು. ಅಮ್ಮ ದಿನಾ ಆ ತುದಿಗೆ ನಡೆದುಹೋಗಿ ಓದಿ ಬರುತ್ತಾಳೆ, ಕಣ್ಣು ಪರೀಕ್ಷೆಗೆ ಎಂದು ನೆಪ.

ಇಷ್ಟಾದ ಮೇಲೆ ನನ್ನ ಹೊಟ್ಟೆ ತಣ್ಣಗಾಗಿದೆ ಎಂದು ಬರೆಯಬೇಕು. ಬರೆದರೆ ಸುಳ್ಳಾಗುತ್ತದೆ. ಇನ್ನೂ ಒಂದಿಷ್ಟು ಉರಿಯುತ್ತಿದೆ. ನಿನ್ನ ಅಂಗಡಿ ಚೆನ್ನಾಗಿ ನಡೆಯಲಿ, ಬೇರೆ ಪುಸ್ತಕಗಳು ಸಿಗಲಿ, ಅದನ್ನು ಮನಸ್ಸಿನಿಂದಲೇ ಹೇಳುತ್ತಿದ್ದೇನೆ, ನೀನು ಉಪವಾಸ ಬೀಳಲಿ ಎಂದು ಬಯಸಿದವಳಲ್ಲ ನಾನು. ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊ. ಅಮ್ಮನ ಆಶೀರ್ವಾದ ಅತ್ತಿಗೆಗೆ. ನಿನಗೂ ಸೇರಿಸಿ ಬರೆ ಎಂದು ಅಮ್ಮ ಪಕ್ಕದಲ್ಲೇ ನಿಂತು ಪರದೆ ನೋಡುತ್ತಿದ್ದಾಳೆ, ಈಗ ಅವಳಿಗೆ ಕಾಣುತ್ತದಲ್ಲ, ತಪ್ಪಿಸಿಕೊಳ್ಳುವ ಹಾಗಿಲ್ಲ. ನಿನಗೂ.

ಇಂತು ನಿನ್ನ ತಂಗಿ,
ದೀಪದ ಕಂಬ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು: ಮೊನ್ನೆ ಅತ್ತಿಗೆ ಅಮ್ಮನಿಗೆ ಫೋನ್ ಮಾಡಿದ್ದರು. ಈಗ ಅಲ್ಲಿ ಟೈಪ್ ಮಾಡುವವರು ಅವರಂತೆ. ಮಧ್ಯಾಹ್ನದ ಹೊತ್ತು ಕಂಪ್ಯೂಟರ್ ಆರಿಹೋಗುತ್ತದಂತೆ, ನೀನು ಗಿರಾಕಿಗಳ ಎದುರಿಗೇ "ಏನ್ ಒತ್ದೆ?" ಎನ್ನುತ್ತೀಯಂತೆ. ಅತ್ತುಕೊಂಡೇ ಹೇಳಿದರಂತೆ. ಆ ಹಳೇ ಕಂಪ್ಯೂಟರಿನ ಹಿಂಬದಿಯ ಫ್ಯಾನ್ ಕೆಟ್ಟಾಗ ಹೊಸದು ಹಾಕಿದವನು ನೀನು, ಕೆಂಪು ಸ್ಟಿಕ್ಕರ್ ಒಳಗಡೆ ಬರುವ ಹಾಗೆ. ಸ್ಟಿಕ್ಕರ್ ಇರುವ ಕಡೆಗೆ ಗಾಳಿ ಬೀಳುತ್ತದೆ, ಅದು ಹೊರಗಡೆ ಇರಬೇಕಿತ್ತು. ಆರಿಹೋಗುವುದು ಶುರುವಾದದ್ದು ಅದಾದ ಮೇಲೆಯೇ. ನಾನು ಎದುರಿಗೇ ಟಾರ್ಚ್ ಹಿಡಿದು ಕೂತಿದ್ದೆ, ಬೆಳಕು ಹಿಡಿದವಳಿಗೆ ಎಲ್ಲವೂ ಕಾಣುತ್ತದೆ. ಫ್ಯಾನ್ ಹಾಕುವುದನ್ನು ಮಾತ್ರ ಆ ವಿಡಿಯೋಗಳಲ್ಲಿ ತೋರಿಸಿರಲಿಲ್ಲ, ಅದನ್ನು ಕಲಿಯಲು ನಿನ್ನನ್ನು ಬಿಟ್ಟರೆ ನನಗೆ ಬೇರೆ ಯಾರೂ ಇರಲಿಲ್ಲವಲ್ಲ, ನನ್ನದಕ್ಕೂ ಹಾಗೆಯೇ ಹಾಕಿದೆ. ಅಷ್ಟು ವರ್ಷ ನಾನು ಏನೂ ಒತ್ತಿರಲಿಲ್ಲ ಅಣ್ಣಾ. ಅವರೂ ಒತ್ತಿಲ್ಲ. ಈ ಪತ್ರದ ಎರಡು ಪ್ರತಿ ತೆಗೆದಿದ್ದೇನೆ, ಇನ್ನೊಂದು ಅತ್ತಿಗೆಯ ಹೆಸರಿಗೆ ಬೇರೆ ಕವರಿನಲ್ಲಿ ಬರುತ್ತಿದೆ, ಜೊತೆಗೆ ಒಂದು ಸ್ಕ್ರೂಡ್ರೈವರ್. ಮುಚ್ಚಳ ಅವರು ತೆಗೆಯಲಿ, ಫ್ಯಾನ್ ಅವರೇ ತಿರುಗಿಸಿ ಹಾಕಲಿ. ನೀನು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಟಾರ್ಚ್ ಹಿಡಿ. ಕೈ ಅಲ್ಲಾಡಿಸಬೇಡ.